ಬಿಸಿನೀರಿನ ದಾರಿ

ಮನೆಯ ಬಿಸಿನೀರಿನ ಪೈಪು ಯಾವ ಗೋಡೆಯಲ್ಲಿ ಇಳಿಯಬೇಕು ಎಂಬುದು ಕುಳಿತು ಬರೆಯತಕ್ಕ ವಿಷಯವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಗೆ ಹೊಸ ಬಾಯ್ಲರು ಬಂದ ಸುದ್ದಿ ತಿಳಿದ ಮೇಲೆ ನೆಂಟರಿಷ್ಟರೂ, ಕೊಟ್ಟಾರದ ಕಡೆ ಮನೆ ಕಟ್ಟಿಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರೂ ಹಲವು ಪ್ರಶ್ನೆಗಳನ್ನು ಕೇಳಿದರು. ಯಾವ ಕಂಪೆನಿಯದು, ಎಷ್ಟು ಲೀಟರಿನದು, ಬೆಲೆ ಎಷ್ಟು ಎಂದು ವಿಚಾರಿಸಿದರು. ನೀರು ಅಲ್ಲಿಂದ ಹೊರಟು ಯಾವ ದಾರಿಯಾಗಿ ಯಾರ ಕೈಗೆ ತಲುಪುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆದದ್ದು ಆ ಒಂದು ಪ್ರಶ್ನೆಯ ಮೇಲೆಯೇ. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ.

ನಮ್ಮ ಬಾಲ್ಯದ ದಿನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬಿಸಿನೀರು ಎಲ್ಲಿಗೂ ಹೋಗುತ್ತಿರಲಿಲ್ಲ. ನಾವೇ ಅದು ಇದ್ದಲ್ಲಿಗೆ ಹೋಗುತ್ತಿದ್ದೆವು. ಮನೆಯ ಹಿಂಬದಿಯಲ್ಲಿ, ಬಾವಿಗೆ ಸಮೀಪವಾಗಿ, ಕೆಂಪುಕಲ್ಲಿನ ಗೋಡೆಯ ಮೇಲೆ ಮಂಗಳೂರು ಹೆಂಚು ಹೊದಿಸಿದ ಬಚ್ಚಲುಮನೆ. ಅದರ ಮೂಲೆಯ ಒಲೆಯಲ್ಲಿ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಉರುವಲಿಗೆ ತೆಂಗಿನ ಸಿಪ್ಪೆ, ಗೆರಟೆ, ಒಣಗಿದ ಮಡಲು, ಕೊತ್ತಳಿಗೆ. ತೋಟ ಕೊಟ್ಟದ್ದೇ ಸೌದೆ. ಹಂಡೆಯ ಬಾಯಿಂದ ಬಾಲ್ದಿಗೆ ಚೆಂಬಿನಲ್ಲಿ ಮೊಗೆದುಕೊಂಡರೆ ನೀರಿನ ಪ್ರಯಾಣ ಮುಗಿಯಿತು. ಒಂದು ಮೊಳದ ಆ ದಾರಿಯಲ್ಲಿ ಬಿಸಿ ಕಳೆದುಹೋಗುವುದಾದರೂ ಹೇಗೆ? ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬಕ್ಕೆ ಆ ಹಂಡೆಯನ್ನು ಹುಳಿ ಹಾಕಿ ಬೆಳಗಿ, ಕತ್ತಿಗೆ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬಿಸುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಹಂಡೆಯ ಬಗೆಗೆ ಹಂಬಲಿಸಿ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಒಲೆಗೆ ಬೆಂಕಿ ಹಾಕುತ್ತಿದ್ದವರು ಯಾರು? ಆಟಿ ತಿಂಗಳ ಮಳೆಯಲ್ಲಿ ಒದ್ದೆಯಾದ ಸಿಪ್ಪೆಯನ್ನು ಊದಿ ಊದಿ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ಎಲ್ಲರಿಗಿಂತ ಮೊದಲು ಎದ್ದವಳು ನಮ್ಮ ತಾಯಿ. ಅಜ್ಜ ಮೊದಲು ಮೀಯುತ್ತಿದ್ದರು. ಬಳಿಕ ತಂದೆ, ಶಾಲೆಗೆ ಹೊರಟ ಮಕ್ಕಳು, ಬಂದ ನೆಂಟರು. ಕೊನೆಯ ಸರದಿ ತಾಯಿಯದು. ಅಷ್ಟು ಹೊತ್ತಿಗೆ ಬೆಂಕಿ ಆರಿ, ಹಂಡೆಯ ತಳದಲ್ಲಿ ಉಗುರುಬೆಚ್ಚಗಿನ ನೀರು ಉಳಿದಿರುತ್ತಿತ್ತು. ಇದು ಯಾರೂ ಬರೆದಿಟ್ಟ ನಿಯಮವಲ್ಲ. ಆದರೂ ಮನೆಮನೆಯಲ್ಲಿ ಹಾಗೆಯೇ ನಡೆಯುತ್ತಿತ್ತು. ಪೈಪಿನ ವಿಚಾರ ಬರೆಯುವಾಗ ಈ ಸರದಿಯ ನೆನಪು ಏಕೆಂಬುದು ಮುಂದೆ ತಿಳಿಯುತ್ತದೆ.

ಹಂಡೆಯ ಬಳಿಕ ನಡುವೆ ಹೊಗೆಗೊಳವೆಯಿದ್ದ ತಾಮ್ರದ ಬಾಯ್ಲರು ಬಂತು. ಆಮೇಲೆ ವಿದ್ಯುತ್ ಗೀಸರು. ೨೦೦೭ರಲ್ಲಿ ರಾಜ್ಯ ಸರ್ಕಾರವು ನಗರಗಳ ಹಲವು ಬಗೆಯ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿದ ಮೇಲೆ ಮಂಗಳೂರಿನ ತಾರಸಿಗಳ ಮೇಲೂ ಆ ಗಾಜಿನ ಹಲಗೆಗಳು ಹೆಚ್ಚಾದವು. ಹೀಗೆ ಒಲೆ ಬಚ್ಚಲಿನಿಂದ ಎದ್ದು ತಾರಸಿಯನ್ನು ಸೇರಿತು. ನೀರಿನ ದಾರಿ ಉದ್ದವಾದದ್ದೂ ಆಗಲೇ.

ನಮ್ಮದು ಉರ್ವದ ಕಡೆಯ ಒಂದು ಮಹಡಿಯ ಮನೆ. ಕೆಳಗೆ ಪೂರ್ವದ ಬದಿಯಲ್ಲಿ ಅಡುಗೆಮನೆ. ಅದಕ್ಕೆ ಅಂಟಿಕೊಂಡು, ಒಂದೇ ಗೋಡೆಯ ಆಚೆ ಬದಿಗೆ, ನಾವಿಬ್ಬರು ಬಳಸುವ ಬಚ್ಚಲು. ಮಹಡಿಯ ಬಚ್ಚಲು ಪಶ್ಚಿಮದಲ್ಲಿದೆ. ಮಕ್ಕಳು, ಮೊಮ್ಮಕ್ಕಳು ರಜೆಗೆ ಬಂದಾಗ ಮಾತ್ರ ಅದಕ್ಕೆ ಕೆಲಸ. ತಾರಸಿಯ ಪಶ್ಚಿಮಾರ್ಧಕ್ಕೆ, ನಮ್ಮೂರಿನ ಬಹುತೇಕ ಮನೆಗಳಂತೆ, ಶೀಟು ಹೊದಿಸಿದ್ದೇವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಟ್ಟೆ ಒಣಗಬೇಕಲ್ಲ! ಹಳೆಯ ಗೀಸರುಗಳು ತುಕ್ಕು ಹಿಡಿದು ಸೋರತೊಡಗಿದ್ದರಿಂದ ೨೦೦ ಲೀಟರಿನ ಸೌರ ಬಾಯ್ಲರನ್ನು ಹಾಕಿಸುವುದೆಂದು ನಿಶ್ಚಯವಾಯಿತು.

ಕೆಲಸ ಬಲ್ಲ ಪ್ಲಂಬರೊಬ್ಬರು ಬಂದು ನೋಡಿದರು. ಅವರ ಸೂಚನೆ ಸರಳವಾಗಿತ್ತು. ಮೆಟ್ಟಿಲಕೋಣೆಯ ನೆತ್ತಿಯಲ್ಲಿ, ಈಗಿರುವ ನೀರಿನ ಟ್ಯಾಂಕಿನ ಪಕ್ಕದಲ್ಲೇ ಬಾಯ್ಲರು. ಅಲ್ಲಿಂದ ಪಶ್ಚಿಮದ ಗೋಡೆಯಲ್ಲಿ ಇಳಿದು ಮೊದಲು ಮಹಡಿಯ ಬಚ್ಚಲಿಗೆ. ಅಲ್ಲಿಂದ ಸಜ್ಜಾದ ಮೇಲೆ ಮನೆಯನ್ನು ಬಳಸಿಕೊಂಡು ಪೂರ್ವಕ್ಕೆ ಬಂದು, ಕೊನೆಗೆ ನಮ್ಮ ಬಚ್ಚಲಿಗೆ. ಗೋಡೆ ಒಡೆಯಬೇಕಾಗಿಲ್ಲ, ಎರಡು ದಿನಗಳ ಕೆಲಸ. ಮಗನೂ ಫೋನಿನಲ್ಲಿ ಇದಕ್ಕೆ ಒಪ್ಪಿದ. ಇಷ್ಟೂ ಮಾತು ಮುಗಿಯುವವರೆಗೆ ಬಾಗಿಲ ಬಳಿ ನಿಂತು ಕೇಳುತ್ತಿದ್ದ ನನ್ನ ಪತ್ನಿ ಒಂದೇ ಪ್ರಶ್ನೆ ಕೇಳಿದಳು: "ಪಾತ್ರೆ ತೊಳೆಯುವಲ್ಲಿಗೆ ಬಿಸಿನೀರು ಬರುವುದುಂಟೋ?"

ಅವಳ ಬೆರಳ ಗಂಟುಗಳಿಗೆ ಕೆಲವು ವರ್ಷಗಳಿಂದ ವಾತದ ಬಾಧೆ. ಬೆಳಗ್ಗೆ ಎದ್ದೊಡನೆ ಬೆರಳು ಮಡಚುವುದು ಕಷ್ಟ. ಮಳೆಗಾಲದಲ್ಲಂತೂ ತಣ್ಣೀರು ಮುಟ್ಟಿದರೆ ನೋವು ಮೊಣಕೈಯವರೆಗೆ ಏರುತ್ತದೆ. ಬಿಸಿನೀರು ನಮಗೆಲ್ಲ ಸುಖದ ವಸ್ತುವಾದರೆ ಅವಳಿಗೆ ಮದ್ದು. ಅವಳ ಪ್ರಶ್ನೆಗೆ ಪ್ಲಂಬರು, "ಅದಕ್ಕೇನು, ಕೊನೆಯಲ್ಲಿ ಒಂದು ಟೀ ಹಾಕಿ ಕೊಡುತ್ತೇನೆ" ಎಂದರು. ಆ 'ಕೊನೆಯಲ್ಲಿ' ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ಕೆಲಸ ಆರಂಭಿಸುವ ಮುನ್ನ ಒಂದು ವಾರ ಸಮಯ ಕೊಡಿ ಎಂದು ಅವರಲ್ಲಿ ಕೇಳಿಕೊಂಡು, ಚೌಕುಳಿ ಕಾಗದ, ಅಳತೆಪಟ್ಟಿ ಹಿಡಿದು ಕುಳಿತೆ.

ಈಗ ಸ್ವಲ್ಪ ಲೆಕ್ಕ. ನನ್ನ ತರಗತಿಯಲ್ಲಿ ಕುಳಿತವರು ಕ್ಷಮಿಸಬೇಕು. ಬಿಸಿನೀರಿಗೆ ಬಳಸುವ ಸಿ.ಪಿ.ವಿ.ಸಿ. ಪೈಪಿನಲ್ಲಿ, ಮುಕ್ಕಾಲಿಂಚಿನದಾದರೆ ಒಂದು ಮೀಟರಿಗೆ ಹೆಚ್ಚುಕಡಿಮೆ ಕಾಲು ಲೀಟರು ನೀರು ನಿಲ್ಲುತ್ತದೆ. ಅರ್ಧ ಇಂಚಿನದಾದರೆ ಅದರ ಅರ್ಧದಷ್ಟು. ನಳ್ಳಿ ತಿರುಗಿಸಿದಾಗ ಮೊದಲು ಬರುವುದು ಪೈಪಿನಲ್ಲಿ ನಿಂತು ತಣಿದ ಈ ನೀರು. ಅದು ಪೂರ್ತಿ ಹೊರಬಿದ್ದ ಮೇಲೆಯೇ ಬಿಸಿನೀರಿನ ಸರದಿ. ಪ್ಲಂಬರ ದಾರಿಯನ್ನು ಅಳೆದಾಗ ನಮ್ಮ ಬಚ್ಚಲಿಗೆ ೨೨ ಮೀಟರು ಬಂತು. ಅಂದರೆ ಐದೂವರೆ ಲೀಟರು ತಣ್ಣೀರು. ನಿಮಿಷಕ್ಕೆ ಆರು ಲೀಟರು ಬೀಳುವ ನಳ್ಳಿಯಲ್ಲಿ ಸುಮಾರು ಒಂದು ನಿಮಿಷ. ಪೈಪೇ ಬೆಚ್ಚಗಾಗಲು ಇನ್ನಷ್ಟು ಹೊತ್ತು.

ಮೀಯುವವನಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ನಾವು ಬಾಲ್ದಿಯಲ್ಲಿ ಮೀಯುವವರು. ೬೦ ಡಿಗ್ರಿಯ ಬಿಸಿನೀರಿಗೆ ೨೭ ಡಿಗ್ರಿಯ ತಣ್ಣೀರು ಬೆರೆಸಿ ೪೦ ಡಿಗ್ರಿಯ ೨೦ ಲೀಟರು ಮಾಡಿಕೊಳ್ಳಬೇಕಾದರೆ ಬೇಕಾಗುವುದು ೮ ಲೀಟರು ಬಿಸಿ, ೧೨ ಲೀಟರು ತಣ್ಣೀರು. ಮೊದಲು ಬಂದ ಐದೂವರೆ ಲೀಟರು ಆ ಹನ್ನೆರಡರಲ್ಲಿ ಸೇರಿಹೋಗುತ್ತದೆ, ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಆದರೆ ಪಾತ್ರೆ ತೊಳೆಯುವವಳು ಹೇಗೆ ನೀರು ತೆಗೆಯುತ್ತಾಳೆ? ಈಗ ಒಂದು ಲೀಟರು, ಹತ್ತು ನಿಮಿಷ ಬಿಟ್ಟು ಅರ್ಧ ಲೀಟರು, ಊಟವಾದ ಮೇಲೆ ಎರಡು ಲೀಟರು. ಐದೂವರೆ ಲೀಟರಿನ ದಾರಿಯ ತುದಿಯಲ್ಲಿ ಹೀಗೆ ಚೂರುಚೂರಾಗಿ ತೆಗೆಯುವವಳಿಗೆ ದಿನವಿಡೀ ಬಿಸಿನೀರು ಸಿಗುವುದೇ ಇಲ್ಲ. ಅವಳ ಪಾಲಿಗೆ ಆ ಪೈಪು ತಣ್ಣೀರಿನ ಪೈಪೇ. ಬಿಸಿ ಬರುವವರೆಗೆ ಬಿಡೋಣವೆಂದರೆ ಅಷ್ಟೂ ನೀರು ಚರಂಡಿಗೆ. ೨೦೧೬ ಮತ್ತು ೨೦೧೯ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ನಗರದಲ್ಲಿ ಸರದಿಯಂತೆ ನೀರು ಬಿಟ್ಟಾಗ ಬಾಲ್ದಿ ಹಿಡಿದು ಕಾದವರಿಗೆ ಹಾಗೆ ನೀರು ಚೆಲ್ಲುವ ಮನಸ್ಸು ಬಾರದು.

ಹಂಡೆಯ ಕಾಲದ ಸರದಿ ನನಗೆ ನೆನಪಾದದ್ದು ಈ ಲೆಕ್ಕದ ಮುಂದೆ ಕುಳಿತಾಗ. ವರ್ಷಕ್ಕೆ ಇಪ್ಪತ್ತು ದಿನ ಬರುವವರಿಗೆ ಮೊದಲ ನೀರು. ದಿನಕ್ಕೆ ಹತ್ತು ಸಲ ಬೇಕಾದವಳಿಗೆ ಕೊನೆಯ ನೀರು. ಹಳೆಯ ಪದ್ಧತಿ ಒಲೆಯೊಂದಿಗೆ ಮುಗಿಯಿತೆಂದು ಭಾವಿಸಿದ್ದೆವು. ನಕಾಶೆಯಲ್ಲಿ ಅದು ಪೈಪಿನ ರೂಪದಲ್ಲಿ ಪುನಃ ಬರುತ್ತಿತ್ತು. ಇದು ಪ್ಲಂಬರ ದೋಷವಲ್ಲ. ಯಂತ್ರದಿಂದ ಹೊರಟು ಸುಲಭವಾದ ದಾರಿಯನ್ನು ಹುಡುಕುವುದು ಅವರ ವೃತ್ತಿಧರ್ಮ. ಹೆಚ್ಚು ಅಗತ್ಯವಿರುವವರ ನಳ್ಳಿಯಿಂದ ಹೊರಟು, ಹಿಮ್ಮುಖವಾಗಿ ಯಂತ್ರದ ಜಾಗವನ್ನು ಹುಡುಕುವುದು ಮನೆಯವರ ಕೆಲಸ. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಹಿಮ್ಮುಖವಾಗಿ ಹುಡುಕಿದಾಗ ಉತ್ತರ ಕಷ್ಟವಿರಲಿಲ್ಲ. ಪೈಪನ್ನು ಬಗ್ಗಿಸುವುದರ ಬದಲು ಬಾಯ್ಲರನ್ನೇ ಸರಿಸಿದೆವು. ಅಡುಗೆಮನೆಯ ನೇರ ಮೇಲೆ, ತಾರಸಿಯ ಪೂರ್ವಾರ್ಧ ತೆರೆದಿತ್ತು. ಅಲ್ಲಿಟ್ಟರೆ ಪೂರ್ವದ ಗೋಡೆಯಲ್ಲಿ ೭ ಮೀಟರು ನೇರ ಇಳಿತ, ಅಡ್ಡಕ್ಕೆ ೨ ಮೀಟರು, ಕೊನೆಗೆ ಅರ್ಧ ಇಂಚಿನ ಗಿಡ್ಡ ಕವಲುಗಳು. ನಿಲ್ಲುವ ನೀರು ಎರಡೂವರೆ ಲೀಟರು, ಮೊದಲಿನ ಅರ್ಧಕ್ಕೂ ಕಡಿಮೆ. ತಣ್ಣೀರಿನ ಟ್ಯಾಂಕು ದೂರವಾಯಿತಲ್ಲ ಎಂದು ಮಗ ಆಕ್ಷೇಪಿಸಿದ. ತಣ್ಣೀರಿನ ಪೈಪು ಉದ್ದವಾದರೆ ಹೋಗುವುದು ಪೈಪಿನ ಬೆಲೆ, ಒಮ್ಮೆ ಮಾತ್ರ. ಬಿಸಿನೀರಿನ ಪೈಪು ಉದ್ದವಾದರೆ ಪ್ರತಿ ಸಲ ನಳ್ಳಿ ತಿರುಗಿಸಿದಾಗಲೂ ನಷ್ಟ ಎಂದು ಅವನಿಗೆ ಲೆಕ್ಕ ಕಳುಹಿಸಿದೆ. ತಣ್ಣೀರಿನ ಟ್ಯಾಂಕಿನ ತಳ ಬಾಯ್ಲರಿನ ತೊಟ್ಟಿಯ ನೆತ್ತಿಗಿಂತ ಮೇಲಿರಬೇಕು ಎಂಬ ಒಂದು ನಿಯಮವನ್ನು ಪಾಲಿಸಿದರೆ ಸಾಕು. ಇಲ್ಲವಾದರೆ ತೊಟ್ಟಿ ತುಂಬುವುದಿಲ್ಲ.

ಇನ್ನೊಂದು ಅಡ್ಡಿ ಆಗ್ನೇಯ ಮೂಲೆಯ ತೆಂಗಿನ ಮರ. ಅದರ ನೆರಳು ಚಳಿಗಾಲದ ಬೆಳಗ್ಗೆ ಒಂಬತ್ತರವರೆಗೆ ಆ ಜಾಗದ ಮೇಲೆ ಬೀಳುತ್ತದೆ. ಕಡಿಸಿಬಿಡಿ ಎಂಬ ಸಲಹೆಯೂ ಬಂತು. ಸೂರ್ಯನ ಶಾಖದ ಬಹುಪಾಲು ಒಂಬತ್ತರ ಬಳಿಕ, ಮೂರರ ಒಳಗೆ ದೊರೆಯುವುದರಿಂದ ಮರವನ್ನು ಉಳಿಸಿಕೊಂಡೆವು. ಕಾಯಿ, ಮಡಲು ಬಿದ್ದರೆ ಒಡೆಯಬಹುದಾದ ಗಾಜಿನ ಕೊಳವೆಗಳ ಮಾದರಿಯನ್ನು ಬಿಟ್ಟು, ಗಟ್ಟಿ ಗಾಜು ಹೊದಿಸಿದ ಚಪ್ಪಟೆ ಹಲಗೆಯ ಮಾದರಿಯನ್ನು ಆರಿಸಿದೆವು. ೧೦೦ ಲೀಟರಿಗೆ ೨ ಚದರ ಮೀಟರಿನಂತೆ ಎರಡು ಹಲಗೆಗಳು, ಮುಖ ದಕ್ಷಿಣಕ್ಕೆ.

ತರಗತಿಯಲ್ಲಿ ವಹನ, ಸಂವಹನ, ವಿಕಿರಣ ಎಂದು ಮೂರು ಪದಗಳನ್ನು ಬಾಯಿಪಾಠ ಮಾಡಿಸಿದ್ದು ನೆನಪಿದೆಯೇ? ಈ ಬಾಯ್ಲರಿನಲ್ಲಿ ಮೂರೂ ಇವೆ. ವಿಕಿರಣದಿಂದ ಬಂದ ಶಾಖ ಹಲಗೆಯನ್ನು ಕಾಯಿಸುತ್ತದೆ. ವಹನದಿಂದ ಅದು ತಾಮ್ರದ ಕೊಳವೆಯೊಳಗಿನ ನೀರಿಗೆ ಸೇರುತ್ತದೆ. ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಪಂಪು ಬೇಕಿಲ್ಲ. ೧೮೯೧ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಎಂಬವರು ಸೌರ ಜಲತಾಪಕಕ್ಕೆ ಪೇಟೆಂಟು ಪಡೆದರು. ಅದರಲ್ಲಿ ನೀರು ಹಗಲು ಕಾದು ರಾತ್ರಿ ತಣಿಯುತ್ತಿತ್ತು. ೧೯೦೯ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ವಿಲಿಯಂ ಬೈಲಿ ಎಂಬವರು ಕಾಯಿಸುವ ಭಾಗವನ್ನೂ ತುಂಬಿಡುವ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖನಿರೋಧಕ ಹೊದಿಸಿದಾಗ ಬೆಳಗ್ಗೆಯೂ ಬಿಸಿನೀರು ಸಿಗುವಂತಾಯಿತು. ನೀರನ್ನು ಕಾಯಿಸುವುದಕ್ಕಿಂತ ಬಿಸಿಯನ್ನು ಕಾಪಾಡುವುದೇ ಕಠಿಣ ಎಂಬುದು ಅಂದಿಗೂ ನಿಜ, ಇಂದಿಗೂ ನಿಜ. ಪೈಪಿನ ದಾರಿಯಲ್ಲಿಯೂ ಅದೇ ಮಾತು.

ಮನೆ ಕಟ್ಟಿಸುವವರ ಉಪಯೋಗಕ್ಕಾಗಿ ದಾರಿಯ ಇತರ ವಿಚಾರಗಳನ್ನು ಹೇಳಿಬಿಡುತ್ತೇನೆ. ಬಿಳಿಯ ಸಾಧಾರಣ ಪಿ.ವಿ.ಸಿ. ಪೈಪು ತಣ್ಣೀರಿಗೆ ಮಾತ್ರ. ಬಿಸಿಗೆ ಅದು ಮೆತ್ತಗಾಗುತ್ತದೆ. ಸಿ.ಪಿ.ವಿ.ಸಿ. ಪೈಪು ತಾಳುತ್ತದೆಯಾದರೂ ಹಿಗ್ಗುತ್ತದೆ. ನಮ್ಮ ೭ ಮೀಟರಿನ ಇಳಿತ ೪೦ ಡಿಗ್ರಿ ಕಾದರೆ ಸುಮಾರು ೧೮ ಮಿಲಿಮೀಟರು ಉದ್ದವಾಗುತ್ತದೆ. ರೈಲು ಹಳಿಗಳ ನಡುವಿನ ಸಂದಿನ ಪಾಠವೇ ಇದು. ಆದುದರಿಂದ ಕ್ಲಾಂಪುಗಳು ಪೈಪನ್ನು ಅಮುಕಿ ಹಿಡಿಯಬಾರದು, ಜಾರಲು ಬಿಡಬೇಕು. ತಿರುವಿನಲ್ಲಿ ಸ್ವಲ್ಪ ಎಡೆ ಇರಬೇಕು. ತೊಟ್ಟಿಯಿಂದ ನಳ್ಳಿಯವರೆಗೆ ಪೈಪು ಇಳಿಯುತ್ತಲೇ ಬರಬೇಕು. ಸಜ್ಜಾ ದಾಟಲೆಂದು ನಡುವೆ ಮೇಲಕ್ಕೆ ಡುಬ್ಬ ಎಬ್ಬಿಸಿದರೆ ಅಲ್ಲಿ ಗಾಳಿ ಸೇರಿಕೊಂಡು ನೀರು ತಡೆಯುತ್ತದೆ. ತೊಟ್ಟಿಯ ಗಾಳಿಕೊಳವೆಯನ್ನು ಯಾರೂ ಮುಚ್ಚಬಾರದು. ತಣ್ಣೀರಿಗೆ ಒತ್ತಡದ ಪಂಪು ಇಟ್ಟು, ಬಿಸಿನೀರನ್ನು ಸಹಜ ಇಳಿತಕ್ಕೆ ಬಿಟ್ಟರೆ, ಮಿಕ್ಸರು ನಳ್ಳಿಯ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಎರಡೂ ಒಂದೇ ಟ್ಯಾಂಕಿನಿಂದ ಬರುವುದು ಒಳ್ಳೆಯದು.

ಪೂರ್ವದ ಗೋಡೆ ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ನಮ್ಮೂರಿನ ಮುಂಗಾರು ಮಳೆ ಕಡಲ ಕಡೆಯಿಂದ, ಪಶ್ಚಿಮ ಮತ್ತು ನೈರುತ್ಯದಿಂದ ಬಡಿಯುತ್ತದೆ. ಪೈಪಿಗೆ ಸುತ್ತಿದ ಶಾಖನಿರೋಧಕ ನೀರು ಕುಡಿದರೆ ಅದು ಒದ್ದೆ ಕಂಬಳಿ ಹೊದಿಸಿದಂತೆ, ಪ್ರಯೋಜನವಿಲ್ಲ. ನೀರು ಹೀರದ ರಬ್ಬರಿನಂತಹ ನೊರೆಯ ಕೊಳವೆಯನ್ನು ಹಾಕಿಸಿ, ಬಿಸಿಲಿಗೂ ಅಳಿಲಿನ ಹಲ್ಲಿಗೂ ಸಿಗದಂತೆ ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಹಾಕಿಸಿದೆವು. ಕೆಂಪುಕಲ್ಲಿನ ಗೋಡೆಯನ್ನು ಕೊರೆದು ಪೈಪನ್ನು ಅಡಗಿಸುವುದು ಬೇಡವೆಂದು ಹೊರಗೇ ಬಿಟ್ಟೆವು. ನೋಡಲು ಚೆಂದವಲ್ಲ, ನಿಜ. ಆದರೆ ಸೋರಿದ ದಿನ ಕಣ್ಣಿಗೆ ಕಾಣುತ್ತದೆ, ಗೋಡೆ ಒಡೆಯಬೇಕಾಗಿಲ್ಲ.

ಮಳೆಗಾಲದ ಪ್ರಶ್ನೆ ಉಳಿಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಗಟ್ಟಲೆ ಮೋಡ. ಬಿಸಿನೀರು ಹೆಚ್ಚು ಬೇಕಾದ ದಿನಗಳಲ್ಲೇ ಸೂರ್ಯನ ದರ್ಶನವಿಲ್ಲ. ಸೌರ ತೊಟ್ಟಿಯೊಳಗೇ ವಿದ್ಯುತ್ ಕಾಯಿಲು ಹಾಕುವ ವಾಡಿಕೆಯಿದೆ. ಆದರೆ ೨೦೦ ಲೀಟರನ್ನು ೨೭ರಿಂದ ೫೦ ಡಿಗ್ರಿಗೆ ಏರಿಸಲು ಐದು ಯೂನಿಟಿಗೂ ಮಿಕ್ಕಿ ವಿದ್ಯುತ್ ಬೇಕು. ಅದರ ಬದಲು ಅಡುಗೆಮನೆ, ಬಚ್ಚಲುಗಳ ನಡುವಣ ಗೋಡೆಯಲ್ಲಿ ೧೫ ಲೀಟರಿನ ಸಣ್ಣ ಗೀಸರು ಇಟ್ಟರೆ, ಒಮ್ಮೆ ತುಂಬಿ ೬೦ ಡಿಗ್ರಿಗೆ ಕಾಯಲು ಅರ್ಧ ಯೂನಿಟಿಗಿಂತ ಸ್ವಲ್ಪವೇ ಹೆಚ್ಚು. ಇಬ್ಬರಿರುವ ಮನೆಗೆ ಅದು ಸಾಕು. ಹಾಗಾಗಿ ಎರಡು ಕವಾಟಗಳನ್ನು ಇಟ್ಟಿದ್ದೇವೆ: ಮಳೆ ಹಿಡಿದಾಗ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು, ಬಿಸಿಲು ಬಂದಾಗ ಅದಲು ಬದಲು. ಮಳೆಗಾಲದಲ್ಲಿ ಒಲೆ ಪುನಃ ಬಚ್ಚಲಿನ ಬಳಿಗೇ ಬಂದಂತಾಯಿತು; ದಾರಿ ಒಂದೆರಡು ಮೀಟರು ಮಾತ್ರ. ಆ ತಿಂಗಳುಗಳಲ್ಲಿ ಪಾತ್ರೆ ತೊಳೆಯುವ ನಳ್ಳಿಗೆ ನಿಜವಾದ ಬಿಸಿನೀರು ತಡವಿಲ್ಲದೆ ಸಿಗುತ್ತದೆ.

ಗ್ಯಾಸ್ ಗೀಸರು ಅಗ್ಗವಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಕಿಟಕಿ ಮುಚ್ಚಿದ ಬಚ್ಚಲಿನೊಳಗೆ ಅದನ್ನು ಎಂದಿಗೂ ಇಡಬೇಡಿ. ಉರಿಯುವ ಗ್ಯಾಸು ಒಳಗಿನ ಆಮ್ಲಜನಕವನ್ನು ತಿಂದು, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡನ್ನು ಬಿಡುತ್ತದೆ. ಮೀಯಲು ಹೋದವರು ಹಾಗೆಯೇ ಪ್ರಾಣ ಬಿಟ್ಟ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಇಡುವುದಾದರೆ ಗಾಳಿಯಾಡುವ ಹೊರಜಗಲಿಯಲ್ಲಿಟ್ಟು ಪೈಪನ್ನು ಮಾತ್ರ ಒಳಗೆ ತನ್ನಿ. ಇಲ್ಲಿ ದಾರಿ ಒಂದಿಷ್ಟು ಉದ್ದವಾದರೂ ಚಿಂತೆಯಿಲ್ಲ. ಹಾಗೆಯೇ, ಬೇಸಗೆಯಲ್ಲಿ ಸೌರ ಬಾಯ್ಲರಿನ ನೀರು ೭೦ ಡಿಗ್ರಿ ದಾಟುವುದುಂಟು. ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂದು ಮೊಮ್ಮಕ್ಕಳಿಗೆ ಕಲಿಸಿಡಿ.

ಹೊಸ ದಾರಿಯಿಂದ ಯಾರಿಗೂ ನಷ್ಟವಾಗಲಿಲ್ಲವೆಂದು ಹೇಳಲಾರೆ. ಮಹಡಿಯ ಬಚ್ಚಲು ಈಗ ದಾರಿಯ ತುದಿಗೆ ಬಿತ್ತು. ಕಳೆದ ರಜೆಯಲ್ಲಿ ಬಂದ ಸೊಸೆ, "ಮಾವ, ಮೇಲೆ ಬಿಸಿನೀರು ಬರಲು ತಡವಾಗುತ್ತದೆ" ಎಂದಳು. ಅವಳಿಗೆ ಲೆಕ್ಕವನ್ನು ತೋರಿಸಿದೆ. ನಕ್ಕು, ಮೊದಲು ಬರುವ ತಣ್ಣೀರನ್ನು ಬಾಲ್ದಿಯಲ್ಲಿ ಹಿಡಿದುಕೊಂಡಳು. ಯಾರಾದರೊಬ್ಬರು ಕಾಯಲೇಬೇಕಾದರೆ, ಕಾಯುವ ಶಕ್ತಿಯುಳ್ಳವರು, ಅಪರೂಪಕ್ಕೆ ಬರುವವರು ಕಾಯುವುದು ನ್ಯಾಯ.

ನನ್ನ ಪತ್ನಿ ತನ್ನದೇ ಒಂದು ಉಪಾಯವನ್ನೂ ಕಂಡುಕೊಂಡಿದ್ದಾಳೆ. ನಾನು ಮಿಂದು ಬಂದ ಕೂಡಲೇ ಪೈಪು ಅರ್ಧ ಗಂಟೆಯಾದರೂ ಬಿಸಿಯಾಗಿರುತ್ತದೆ. ಬೆಳಗಿನ ಪಾತ್ರೆಗಳನ್ನು ಆ ಹೊತ್ತಿಗೇ ತೊಳೆದುಬಿಡುತ್ತಾಳೆ. ಆಗ ಎರಡೂವರೆ ಲೀಟರೂ ಕಾಯಬೇಕಾಗಿಲ್ಲ. ಹೀಗಾಗಿ ನಾನು ಬೇಗ ಮೀಯಬೇಕೆಂಬ ಆಜ್ಞೆಯಾಗಿದೆ.

ಕೊನೆಯದಾಗಿ, ಕೆಲಸ ಮುಗಿದ ದಿನ ಪೈಪಿನ ದಾರಿಯ ನಕಾಶೆಯನ್ನು ಅಳತೆಗಳೊಂದಿಗೆ ಶುದ್ಧವಾಗಿ ಬರೆದು, ಕವಾಟಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಮಳೆ ಬಂದಾಗ ಯಾವುದನ್ನು ತಿರುಗಿಸಬೇಕೆಂದು ಕೇಳಲು ನಾನು ಮನೆಯಲ್ಲಿ ಇರಲೇಬೇಕೆಂದಿಲ್ಲ. ಹೊಸ ಮನೆ ಕಟ್ಟಿಸುವವರು ಗಾರೆ ಹಚ್ಚುವ ಮೊದಲೇ ಗೋಡೆಗಳ ಫೋಟೋ ತೆಗೆದಿಡಿ. ಅದಕ್ಕೂ ಮೊದಲು, ನಿಮ್ಮ ಮನೆಯಲ್ಲಿ ಬಿಸಿನೀರು ದಿನಕ್ಕೆ ಎಷ್ಟು ಸಲ, ಎಷ್ಟೆಷ್ಟು, ಯಾರಿಗೆ ಬೇಕಾಗುತ್ತದೆ ಎಂದು ಒಂದು ವಾರ ಗಮನಿಸಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಪ್ಲಂಬರ ಕೈಗೆ ಕೊಟ್ಟು, ಅದರಲ್ಲಿ ಮೊದಲಿರುವ ಹೆಸರಿನ ನಳ್ಳಿಯಿಂದ ಅಳೆಯಲು ಹೇಳಿ.